ಸೋಪಮ್ಮ ಬೆಸೆದ ಲಾರಿ

ನಮ್ಮ ಅತ್ತಿಗೆಗೆ ಕೆಲಸದ ಜಾಗದಲ್ಲಿ ಸೋಪಮ್ಮ ಎಂದು ಹೆಸರು. ಮನೆಯಲ್ಲಿ ಹಾಗೆ ಕರೆಯುವ ಧೈರ್ಯ ಇರುವುದು ನನಗೊಬ್ಬಳಿಗೇ, ಅದೂ ಅವರು ಟೀ ಕುಡಿದಾದ ಮೇಲೆ. ಟೀಗೆ ಮುಂಚೆ ಅವರ ಹತ್ತಿರ ಮಾತು ಬೇಡ. ಸಂಜೆ ಬಂದವರೇ ಚಪ್ಪಲಿ ಕಳಚಿ, ಅಡುಗೆಮನೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚುತ್ತಾರೆ. ಆ ಗೋಡೆಯಲ್ಲಿ ಅವರ ತಲೆ ತಾಗುವ ಕಡೆ ಒಂದು ಜಿಡ್ಡಿನ ಗುರುತಿದೆ. ಬಣ್ಣ ಹೊಡೆಸಿದಾಗ ಹೋಗುತ್ತದೆ, ಆಮೇಲೆ ಮತ್ತೆ ಬಂದು ಕೂರುತ್ತದೆ.

ನಾನು ಅವರ ನಾದಿನಿ. ಅದೇ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡಿದ್ದೇನೆ. ನಾದಿನಿ ಎಂದ ಮೇಲೆ ಅತ್ತಿಗೆಯ ಮೇಲೆ ನಾಲ್ಕು ದೂರು ಹೇಳದಿದ್ದರೆ ಹೇಗೆ? ಹಟಮಾರಿ. ಮಾತಿಗೆ ಬರ. ಹೊಗಳುವುದಂತೂ ಅವರ ಜಾಯಮಾನದಲ್ಲೇ ಇಲ್ಲ. ನಾನು ನಿದ್ದೆಗೆಟ್ಟು ಹೊಲಿದುಕೊಟ್ಟ ಹೊಸ ಅಂಗಿ ಹಾಕಿಕೊಂಡು ಕನ್ನಡಿ ಮುಂದೆ ನಿಂತು ಒಂದು ಸಲ "ಆಗುತ್ತೆ" ಅನ್ನುತ್ತಾರೆ. ಅಷ್ಟಕ್ಕೇ ಅವರ ಹೊಗಳಿಕೆಯ ಗಂಟು ಖಾಲಿ.

ಅವರು ಕೆಲಸ ಮಾಡುವುದು ಒಂದು ಷೆಡ್ಡಿನಲ್ಲಿ. ಫ್ರಿಜ್ಜಿನದಾಗಲಿ, ಏಸಿಯದಾಗಲಿ, ತೂತು ಬಿದ್ದ ಅಲ್ಯೂಮಿನಿಯಂ ಕೊಳವೆ ಎಲ್ಲಿಂದ ಬಂದರೂ ಅಲ್ಲಿ ಬೆಸೆದು ಕೊಡುತ್ತಾರೆ. ತಗಡಿನ ಮಾಡು, ಒಂದೇ ಕಿಟಕಿ. ಫ್ಯಾನ್ ಹಾಕುವ ಹಾಗಿಲ್ಲ, ಹಾಕಿದರೆ ಉರಿ ಅಲುಗಾಡುತ್ತದೆ. ಮದುವೆಗೆ ಮುಂಚೆ ಸೇರಿದ ಅತ್ತಿಗೆ ಇವತ್ತಿಗೂ ಅಲ್ಲೇ ಇದ್ದಾರೆ. ಬಲ ಮೊಣಕೈ ನೋವಿಗೆ ಬಟ್ಟೆ ಹಿಂಡುವಾಗ ಮುಖ ಕಿವುಚುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ನಾನೇ ಬಕೆಟ್ ಕಿತ್ತುಕೊಂಡು ಹಿಂಡಬೇಕು.

ಸೋಪಮ್ಮ ಎನ್ನುವ ಹೆಸರು ಬಂದದ್ದು ಅವರ ಜೇಬಿನಲ್ಲಿ ಸದಾ ಇರುವ ಬಟ್ಟೆ ಸೋಪಿನ ತುಂಡಿನಿಂದ. ಕಬ್ಬಿಣ ಕಾದರೆ ಕೆಂಪಾಗುತ್ತದೆ, ನೋಡಿದವರಿಗೆ ಗೊತ್ತಾಗುತ್ತದೆ. ಅಲ್ಯೂಮಿನಿಯಂಗೆ ಆ ಮರ್ಯಾದೆ ಇಲ್ಲ. ಏನೂ ಆಗದ ಹಾಗೆ ಬೆಳ್ಳಗೆ ಕೂತಿದ್ದು, ಇದ್ದಕ್ಕಿದ್ದಂತೆ ಕುಸಿದು ಬಿದ್ದುಬಿಡುತ್ತದೆ. ಅದಕ್ಕೇ ಬೆಸುಗೆ ಹಾಕುವ ಜಾಗದ ಪಕ್ಕದಲ್ಲಿ ಒಂದು ಗೆರೆ ಸೋಪು ಉಜ್ಜುತ್ತಾರೆ. ಕಾವು ಏರಿದಂತೆ ಆ ಗೆರೆ ಕಂದಾಗಿ, ಕಪ್ಪಾಗುತ್ತದೆ. ಕಪ್ಪಾಯಿತು ಎಂದರೆ ಬೆಸುಗೆ ಕಡ್ಡಿ ತಾಗಿಸುವ ಹೊತ್ತು. ಕಡ್ಡಿಯನ್ನು ಉರಿಗೆ ಹಿಡಿದು ಕರಗಿಸುವುದಲ್ಲ, ಕಾದ ಲೋಹವೇ ಅದನ್ನು ಕರಗಿಸಿಕೊಳ್ಳಬೇಕು. ಒಳಗೊಳಗೇ ಕಾದು ಹೊರಗೆ ಏನೂ ತೋರಿಸಿಕೊಳ್ಳದ ಈ ಲೋಹ ಥೇಟ್ ಅತ್ತಿಗೆಯೇ ಎಂದು ನಾನು ಒಮ್ಮೆ ಅಂದಿದ್ದಕ್ಕೆ ಅಣ್ಣ ಬಿದ್ದುಬಿದ್ದು ನಕ್ಕಿದ್ದ. ಅತ್ತಿಗೆ ನಗಲಿಲ್ಲ, ಟೀ ಇನ್ನೂ ಆಗಿರಲಿಲ್ಲ.

ಅಣ್ಣ ಟ್ರೇಲರ್ ಲಾರಿ ಓಡಿಸುತ್ತಿದ್ದ. ಕಾರ್ಖಾನೆಗಳ ದೈತ್ಯ ಯಂತ್ರಗಳನ್ನು ಹೇರಿಕೊಂಡು, ಇಡೀ ರಸ್ತೆ ತನ್ನದೇ ಎನ್ನುವ ಹಾಗೆ ನಿಧಾನವಾಗಿ ಹೋಗುವ ಗಾಡಿ. ಮನೆಗೆ ಬಂದರೆ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಗಾಡಿ ನಿಂತಲ್ಲೆಲ್ಲ ಗುಜರಿ ತಗಡು ಆರಿಸಿ, ಕತ್ತರಿಸಿ, ಅರ ಹಾಕಿ, ಪುಟ್ಟ ಪುಟ್ಟ ವಾಹನಗಳನ್ನು ಮಾಡುವುದು ಅವನ ಹುಚ್ಚು. ರೋಡ್ ರೋಲರು, ಕ್ರೇನು, ಬೆಂಕಿ ಆರಿಸುವ ಗಾಡಿ, ಎಲ್ಲವೂ ನಮ್ಮ ನಡುಮನೆಯ ಕಪಾಟಿನಲ್ಲಿ ನಿಂತಿವೆ. ಅವುಗಳ ಧೂಳು ಒರೆಸುವುದು ಮಾತ್ರ ನನ್ನ ಪಾಲಿಗೆ.

ಒಂದು ದಿನ ಕಾರ್ಖಾನೆಯ ಗೇಟಿನೊಳಗೆ ತಿರುಗಿಸುವಾಗ ಎಡಗಡೆಯ ಕಂಬಕ್ಕೆ ಗಾಡಿ ಉಜ್ಜಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಣ್ಣನಿಗೆ ಒಂದು ವಿಷಯ ಅರ್ಥವಾಯಿತು: ಎಡಗಡೆಯ ಕನ್ನಡಿ ತನಗೆ ಕಾಣುತ್ತಲೇ ಇಲ್ಲ. ಕತ್ತು ತಿರುಗಿಸಿದರೆ ಇದೆ, ನೆಟ್ಟಗೆ ನೋಡಿದರೆ ಇಲ್ಲ. ಯಾರೂ ಹೇಳುವ ಮೊದಲೇ ತಾನೇ ಗಾಡಿಯ ಕೀ ಮಾಲೀಕರಿಗೆ ಕೊಟ್ಟು ಮನೆಗೆ ಬಂದ. ಡಾಕ್ಟರು ಪರೀಕ್ಷೆ ಮಾಡಿ, ಕಣ್ಣೊಳಗೆ ಒತ್ತಡ ಜಾಸ್ತಿಯಾಗಿದೆ, ಅಂಚಿನಿಂದ ನೋಟ ಹೋಗುತ್ತಿದೆ ಎಂದು ಔಷಧಿ ಕೊಟ್ಟರು.

ಮನೆಯಲ್ಲಿ ಕೂತ ಅಣ್ಣ ತನ್ನ ಗಾಡಿಯನ್ನೇ ಪುಟ್ಟದಾಗಿ ಮಾಡಲು ಹೊರಟ. ಮುಂದಿನ ಲಾರಿ, ಹಿಂದಿನ ಟ್ರೇಲರು, ತಿರುಗುವ ಚಕ್ರ, ತೆರೆಯುವ ಬಾಗಿಲು, ಎಲ್ಲ ಅಲ್ಯೂಮಿನಿಯಂನದು. ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದ. ಸ್ಕ್ರೂ, ಗೋಂದು ಎಲ್ಲ ಆಟದ ಸಾಮಾನಿಗೆ, ನಿಜವಾದ ಟ್ರೇಲರನ್ನು ಬೆಸೆದೇ ಮಾಡಿರುತ್ತಾರೆ, ಇದನ್ನೂ ಹಾಗೇ ಮಾಡಬೇಕು ಎಂದು ಹಟ. ಹಿತ್ತಲ ಬಾಗಿಲ ಹತ್ತಿರ ಮೇಜು ಹಾಕಿ, ಇಟ್ಟಿಗೆ ಜೋಡಿಸಿ, ಸಣ್ಣದೊಂದು ಗ್ಯಾಸ್ ಟಾರ್ಚು ತಂದ. ಮೊದಲ ಪಟ್ಟಿ ಕರಗಿ ಇಟ್ಟಿಗೆಗೆ ಅಂಟಿತು. ಎರಡನೆಯದೂ ಅದೇ ದಾರಿ ಹಿಡಿಯಿತು.

"ನೀನೊಂದ್ಸಲ ಕೈ ಹಾಕು. ನಿನಗೆ ನೀರು ಕುಡಿದಷ್ಟು ಸುಲಭ," ಎಂದು ಅತ್ತಿಗೆಯ ಬೆನ್ನು ಬಿದ್ದ.

"ಮನೇಲಿ ಒಲೆ ಬಿಟ್ರೆ ಬೇರೆ ಬೆಂಕಿ ನಾನು ಮುಟ್ಟಲ್ಲ," ಎಂದರು ಅತ್ತಿಗೆ, ಕಣ್ಣು ಮುಚ್ಚಿಕೊಂಡೇ.

"ಹತ್ತು ನಿಮಿಷದ ಕೆಲಸ."

"ಅಲ್ಲೂ ಎಲ್ಲ ಹತ್ತು ನಿಮಿಷದ ಕೆಲಸಾನೇ. ಬೆಳಗ್ಗೆಯಿಂದ ಸಂಜೆವರೆಗೂ."

ನನಗೆ ಆಗ ಅತ್ತಿಗೆಯದೇ ಸರಿ ಅನ್ನಿಸಿತ್ತು. ದಿನವಿಡೀ ಉರಿ ಮುಂದೆ ನಿಂತವರಿಗೆ ಮನೆಯಲ್ಲೂ ಉರಿ ಹಿಡಿ ಅನ್ನುವುದು ಯಾವ ನ್ಯಾಯ? ಗಂಡಸರ ಆಟಕ್ಕೆ ಹೆಂಗಸರ ಮೊಣಕೈ ಎಂದು ನಾಲ್ಕು ಮಾತು ಸೇರಿಸಿಯೇ ಹೇಳಿದೆ. ಅಣ್ಣ ಮುಖ ಸಣ್ಣ ಮಾಡಿಕೊಂಡು ಅರ ಹಿಡಿದು ಕೂತ.

ಆಮೇಲಿನ ಸಲ ಡಾಕ್ಟರ ಹತ್ತಿರ ಅತ್ತಿಗೆಯೂ ಹೋಗಿದ್ದರು. ವಾಪಸು ಬಂದಾಗ ಸ್ಟೂಲಿನ ಮೇಲೆ ಕೂರಲಿಲ್ಲ. ನಾನು ತಂದ ಟೀ ಮುಟ್ಟಲಿಲ್ಲ. ಹೋದ ನೋಟ ಮರಳಿ ಬರುವುದಿಲ್ಲ, ಉಳಿದದ್ದೂ ಎಷ್ಟು ದಿನವೋ ಹೇಳಲಾಗದು ಎಂದು ಡಾಕ್ಟರು ಅಂದರಂತೆ. ಅಣ್ಣ ಏನೂ ಆಗದವನ ಹಾಗೆ ಮೇಜಿನ ಮುಂದೆ ಕೂತು, "ಗಾಡಿ ಒಂದು ಮುಗಿದದ್ದು ನೋಡಿಬಿಟ್ರೆ ಸಾಕು. ಆಮೇಲೆ ಕಣ್ಣು ಹಾಳಾಗಿ ಹೋಗ್ಲಿ," ಎಂದ. ತಮಾಷೆಯ ದನಿಯಲ್ಲೇ ಅಂದ. ಅತ್ತಿಗೆ ಅವನ ಬೆನ್ನು ನೋಡುತ್ತಲೇ, "ನಾಳೆ ಕಡ್ಡಿ ತರ್ತೀನಿ," ಎಂದರು.

ಅಂದಿನಿಂದ ಷೆಡ್ಡಿನ ಕೆಲಸ ಮುಗಿದ ಮೇಲೆ ಮನೆಯ ಕೆಲಸ ಶುರು. ಟೀ ಕುಡಿದು, ಮುಖ ತೊಳೆದು, ಅತ್ತಿಗೆ ಹಿತ್ತಲ ಬಾಗಿಲಿಗೆ ಹೋಗುತ್ತಿದ್ದರು. ಅಣ್ಣ ದಿನವಿಡೀ ಕತ್ತರಿಸಿ ಅರ ಹಾಕಿಟ್ಟ ತುಂಡುಗಳನ್ನು ಇಟ್ಟಿಗೆಯ ಮೇಲೆ ಜೋಡಿಸಿ, ತಂತಿಯ ಬ್ರಷ್ಷಿನಿಂದ ಬೆಸುಗೆಯ ಜಾಗವನ್ನು ಗಸಗಸ ಉಜ್ಜುವರು. ಅಲ್ಯೂಮಿನಿಯಂ ಮೇಲೆ ಗಾಳಿಗೆ ಒಂದು ಪೊರೆ ಕಟ್ಟುತ್ತದಂತೆ, ಕಣ್ಣಿಗೆ ಕಾಣದಷ್ಟು ತೆಳುವಾದದ್ದು. ಅದು ಇದ್ದರೆ ಕಡ್ಡಿ ಕರಗಿದರೂ ಹಿಡಿಯುವುದಿಲ್ಲ, ಎಲೆಯ ಮೇಲಿನ ನೀರಿನ ಹಾಗೆ ಉರುಳಿ ಹೋಗುತ್ತದೆ. ಅದಕ್ಕೇ ಬ್ರಷ್ ಎಳೆದ ತಕ್ಷಣ ಉರಿ. ಹಿಂದೆ ಹಾಕಿದ ಬೆಸುಗೆ ಸಡಿಲವಾಗದಿರಲಿ ಎಂದು ಪಕ್ಕದ ಜಾಗಕ್ಕೆ ಒದ್ದೆ ಬಟ್ಟೆ. ನನ್ನ ಚಿಂದಿ ಚೀಲ ಅರ್ಧ ಅಲ್ಲಿಗೇ ಖರ್ಚಾಯಿತು.

ಟ್ರೇಲರಿನ ಚಾಸಿ ಎಂದರೆ ಎರಡು ಉದ್ದ ಪಟ್ಟಿ, ನಡುವೆ ಏಣಿಯ ಹಾಗೆ ಅಡ್ಡ ಪಟ್ಟಿಗಳು. ಒಂದೊಂದು ಸಂಜೆ ಒಂದೊಂದು ಬೆಸುಗೆ. ಅದಕ್ಕಿಂತ ಹೆಚ್ಚು ಅತ್ತಿಗೆಯ ಮೈಯಲ್ಲಿ ಉಳಿದಿರುತ್ತಿರಲಿಲ್ಲ. ಕೆಲವು ಸಂಜೆ ಟೀ ಲೋಟ ಕೈಯಲ್ಲೇ ಇದ್ದು ನಿದ್ದೆ ಹೋಗಿರುತ್ತಿದ್ದರು. ಎಬ್ಬಿಸಬೇಡ ಎಂದು ಅಣ್ಣ ಕೈ ಸನ್ನೆ ಮಾಡುತ್ತಿದ್ದ. ಲೋಟ ವಾಲುವಷ್ಟರಲ್ಲಿ ಅವರೇ ಎದ್ದು, ಅರ್ಧ ನಿದ್ದೆಯಲ್ಲೇ, "ಎಲ್ಲಿ, ಕೊಡಿ," ಎಂದು ಕೈ ಚಾಚುತ್ತಿದ್ದರು.

ಕೆಲಸ ಕೆಟ್ಟದ್ದು ಒಳ್ಳೆಯ ಮನಸ್ಸಿನಿಂದ.

ಚಾಸಿಯ ಕೊನೆಯ ಅಡ್ಡ ಪಟ್ಟಿ ಉಳಿದಿತ್ತು. ಅತ್ತಿಗೆಯ ಮೊಣಕೈಗೆ ಬ್ರಷ್ ಎಳೆಯುವುದೇ ಹೆಚ್ಚು ನೋವು ಎಂದು ಅಣ್ಣ ಗಮನಿಸಿದ್ದ. ಅವತ್ತು ಮಧ್ಯಾಹ್ನ, ಅವರು ಬರುವಷ್ಟರಲ್ಲಿ ಆ ಕಷ್ಟ ತಪ್ಪಿಸೋಣ ಎಂದು ತಾನೇ ಬ್ರಷ್ ಹಾಕಿದ. ಹಾಕಿ ಸುಮ್ಮನಿದ್ದರೆ ಅವನು ಡ್ರೈವರ್ ಹೇಗಾದಾನು? ಪ್ರತಿ ದಿನ ಬೆಳಗ್ಗೆ ಎಣ್ಣೆ ಬಟ್ಟೆಯಿಂದ ಗಾಡಿ ಒರೆಸಿ ಹೊಳೆಸಿದ ಕೈ ಅದು. ಪಟ್ಟಿಗಳನ್ನೂ ಎಣ್ಣೆ ಬಟ್ಟೆಯಿಂದ ಒರೆಸಿ, ಫಳಫಳ ಹೊಳೆಸಿ, ಸಾಲಾಗಿ ಜೋಡಿಸಿಟ್ಟ. ನಾನು ಅಲ್ಲೇ ಕಾಜಾ ಹೊಲಿಯುತ್ತ ನೋಡುತ್ತಿದ್ದೆ. ಪಾಪ, ಹೆಂಡತಿಗಾಗಿ ಎಷ್ಟು ಮಾಡುತ್ತಾನೆ ಎಂದುಕೊಂಡೆ.

ಸಂಜೆ ಅತ್ತಿಗೆ ಬಂದರು. "ಇವತ್ತು ಮೇಡಂಗೆ ಉಜ್ಜೋ ಕೆಲಸ ಇಲ್ಲ. ಎಲ್ಲ ರೆಡಿ," ಎಂದ ಅಣ್ಣ. ಅತ್ತಿಗೆ ಪಟ್ಟಿಯನ್ನು ಕೈಗೆತ್ತಿಕೊಂಡರು, ಮೂಗಿನ ಹತ್ತಿರ ತಂದರು. ಅವರ ಕೈ ಬ್ರಷ್ಷಿನ ಕಡೆ ಹೋದದ್ದನ್ನು ನಾನು ಕಂಡೆ. ಅಣ್ಣ ಕತ್ತು ವಾರೆ ಮಾಡಿ, ಉಳಿದಷ್ಟು ನೋಟದಲ್ಲಿ ಅವರ ಮುಖವನ್ನೇ ಹುಡುಕುತ್ತಿದ್ದ. ಅತ್ತಿಗೆಯ ಕೈ ಬ್ರಷ್ಷನ್ನು ಬಿಟ್ಟು ಟಾರ್ಚ್ ತೆಗೆದುಕೊಂಡಿತು.

ಸೋಪಿನ ಗೆರೆ ಕಂದಾಯಿತು, ಕಪ್ಪಾಯಿತು. ಕಡ್ಡಿ ತಾಗಿಸಿದರು. ಕರಗಿ, ಮಣಿಯಾಗಿ ಉರುಳಿತು. ಮತ್ತೆ ತಾಗಿಸಿದರು, ಮತ್ತೆ ಉರುಳಿತು. ಬೇರೆಯವರ ಕೊಳವೆಯಾಗಿದ್ದರೆ ಅಲ್ಲಿಗೇ ಉರಿ ಆರಿಸಿ, ತಣ್ಣಗಾಗಲು ಬಿಟ್ಟು, ಶುರುವಿನಿಂದ ಮಾಡುತ್ತಿದ್ದರು. ಅವತ್ತು ಆರಿಸಲಿಲ್ಲ. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದು ಹಿಡಿದೇ ಇದ್ದರು. ಪಟ್ಟಿ ಬೆಳ್ಳಗೆ ಇದ್ದದ್ದು ಇದ್ದ ಹಾಗೇ ಇತ್ತು. ಆಮೇಲೆ ನಡು ಮುರಿದವರ ಹಾಗೆ ಕುಸಿಯಿತು. ಒದ್ದೆ ಬಟ್ಟೆ ಯಾವಾಗಲೋ ಒಣಗಿತ್ತು. ಪಕ್ಕದ ಬೆಸುಗೆಗಳೂ ಬಿಟ್ಟುಕೊಂಡು ಏಣಿಯ ಮೆಟ್ಟಿಲುಗಳು ಒಂದರ ಹಿಂದೆ ಒಂದು ಉದುರಿದವು.

"ಹಿಡೀತಾ?" ಎಂದ ಅಣ್ಣ.

"ಇಲ್ಲ. ಹೋಯ್ತು. ಎಲ್ಲ ಹೋಯ್ತು."

"ಯಾಕೆ? ನಾನು ಚೆನ್ನಾಗಿ ಉಜ್ಜಿಟ್ಟಿದ್ನಲ್ಲ?"

ಅತ್ತಿಗೆ ಟಾರ್ಚ್ ಕೆಳಗಿಟ್ಟರು. "ಉಜ್ಜಿ ಎಣ್ಣೆ ಸವರಿದ್ರಿ. ಮಧ್ಯಾಹ್ನ ಉಜ್ಜಿದ್ದು ಸಂಜೆಗೆ ಬರಲ್ಲ, ಎಣ್ಣೆ ಇದ್ರೆ ಮೊದಲೇ ಬರಲ್ಲ. ನನಗೆ ಗೊತ್ತಾಯ್ತು. ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಾದೆ."

ಅಣ್ಣ ತಣ್ಣಗಾಗುತ್ತಿದ್ದ ಆ ಮುದ್ದೆಯ ಹತ್ತಿರ ಕೈ ಒಯ್ದು, ಬಿಸಿ ತಾಗಿ ಹಿಂದಕ್ಕೆ ತೆಗೆದ. "ನನ್ನ ಬೇಜಾರು ನೋಡ್ಕೊಂಡು ಸ್ಟೇರಿಂಗ್ ತಿರುಗಿಸಿದ್ರೆ ಗಾಡಿ ಹಳ್ಳಕ್ಕೇ ಬೀಳೋದು ಕಣೇ," ಎಂದ. ಸಿಟ್ಟಿರಲಿಲ್ಲ ಅವನ ಮಾತಿನಲ್ಲಿ. ಸಿಟ್ಟು ಬಂದದ್ದು ನನಗೆ. ಇಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದು ಎಂದು ಬಾಯಿಗೆ ಬೀಗ ಹಾಕಿಕೊಂಡು, ಇಷ್ಟು ದಿನದ ಕೆಲಸವನ್ನು ಬೆಂಕಿಗೆ ಹಾಕಿದರಲ್ಲ ಎಂದು ಮೈಯೆಲ್ಲ ಉರಿಯಿತು. ನಾನೂ ನೋಡಿಯೇ ಕೂತಿದ್ದೆ ಎನ್ನುವುದು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಮತ್ತೆ ತಗಡು ತಂದು, ಕತ್ತರಿಸಿ, ಅರ ಹಾಕಿ, ಒಂದೊಂದೇ ಬೆಸುಗೆ ಹಾಕಿ ಅದೇ ಹಂತಕ್ಕೆ ಬರುವಷ್ಟರಲ್ಲಿ ಅಣ್ಣನ ಕಣ್ಣು ಕೈಕೊಟ್ಟಿತು. ಮೊದಮೊದಲು ಮುಚ್ಚಿಟ್ಟ. ಬೇರೆ ಅರ ಕೈಗೆ ಬಂದರೆ, ಇದೇ ಬೇಕಿತ್ತು ಅನ್ನುತ್ತಿದ್ದ. ಮೇಜಿನ ಅಂಚಿನಾಚೆ ಲೋಟ ಇಟ್ಟು ಒಡೆದಾಗ, ಕೈ ಜಾರಿತು ಅಂದ. ಕೊನೆಗೆ ಒಂದು ಬೆಳಗ್ಗೆ ನನ್ನನ್ನು ಕರೆದು, "ಕಿಟಕಿ ತೆಗೆದಿದೆಯಾ?" ಎಂದು ಕೇಳಿದ. ಕಿಟಕಿ ತೆಗೆದೇ ಇತ್ತು, ಬಿಸಿಲು ಅವನ ಮುಖದ ಮೇಲೇ ಬೀಳುತ್ತಿತ್ತು. ಲಾರಿಯ ಕ್ಯಾಬಿನ್ನು ಇನ್ನೂ ಬಿಡಿಬಿಡಿಯಾಗಿ ಡಬ್ಬಿಯಲ್ಲೇ ಇತ್ತು.

ಅವತ್ತು ಸಂಜೆ ಬಟ್ಟೆ ಮಡಚುತ್ತ ಅತ್ತಿಗೆ, ನಾನು ಕೇಳದೆಯೇ, "ಆವತ್ತು ಒಂದೇ ಒಂದ್ಸಲ ಬ್ರಷ್ ಎಳೆದಿದ್ರೆ ಅವರು ನೋಡ್ತಿದ್ರು," ಎಂದರು. ಇಲ್ಲ ಅನ್ನಲು ಆಗಲಿಲ್ಲ, ಯಾಕೆಂದರೆ ಅದು ನಿಜ. ಹೌದು ಅನ್ನಲು ನನಗೇನು ಕಲ್ಲಿನ ಎದೆಯೇ? ಅವರ ಕೈಯಲ್ಲಿದ್ದ ಟವೆಲಿನ ಇನ್ನೊಂದು ತುದಿ ಹಿಡಿದು ಮಡಚಿದೆ. ಇಬ್ಬರೂ ಅತ್ತೆವು. ಅವರು ಬೇಗ ನಿಲ್ಲಿಸಿದರು, ಅಡುಗೆಗೆ ಹೊತ್ತಾಗಿತ್ತು.

ಗಾಡಿಯ ಮಾತು ಮನೆಯಲ್ಲಿ ನಿಂತೇ ಹೋಯಿತು. ಅಣ್ಣ ಮೇಜಿನ ಮುಂದೆ ಕೂರುವುದನ್ನು ಬಿಟ್ಟ. ರೇಡಿಯೋ ಹಾಕಿಕೊಂಡು, ಅದನ್ನೂ ಕೇಳದೆ, ಹೊರಬಾಗಿಲಲ್ಲಿ ಕೂರುತ್ತಿದ್ದ. ರಸ್ತೆಯಲ್ಲಿ ದೊಡ್ಡ ಗಾಡಿ ಹೋದರೆ ಕತ್ತೆತ್ತಿ, ಗೇರು ಬದಲಿಸುವ ಸದ್ದು ಸರಿ ಬಾರದಿದ್ದರೆ ಬೈಯುತ್ತಿದ್ದ. ನೆಲದ ಮೇಲೆ ಕಾಲು ಮಾತ್ರ ಕ್ಲಚ್ ಒತ್ತುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಅತ್ತಿಗೆ ಷೆಡ್ಡಿನಿಂದ ಬಂದು, ಟೀ ಕುಡಿದು, ಬಾಗಿಲಲ್ಲಿದ್ದ ಅಣ್ಣನ ಮೊಣಕೈ ಹಿಡಿದು ಎಬ್ಬಿಸಿದರು. "ಬನ್ನಿ. ಕಡ್ಡಿ ಹಿಡೀಬೇಕು ನೀವು."

"ತಮಾಷೆ ಮಾಡ್ತಿದ್ದೀಯಾ? ನನಗೆ ಕಾಣುತ್ತೇನು?"

"ಇದಕ್ಕೆ ಕಣ್ಣು ಯಾಕೆ? ಅಲ್ಯೂಮಿನಿಯಂ ಯಾರ ಕಣ್ಣಿಗೆ ಏನು ತೋರಿಸುತ್ತೆ? ನಾನೂ ಕೈಯಲ್ಲೇ ಮಾಡೋದು. ಕಡ್ಡಿ ಉಜ್ಜುವಾಗ ಮೊದಲು ಗರಗರ ಅನ್ನುತ್ತೆ. ಕಾವು ಸರಿ ಬಂದ ಕೂಡ್ಲೆ ಜಾರುತ್ತೆ, ಬೆಣ್ಣೆ ಮೇಲೆ ಜಾರಿದ ಹಾಗೆ. ಆಗ ನಿಲ್ಲಿಸಿ. ನನಗೆ ಎರಡೂ ಕೈ ಒಟ್ಟಿಗೆ ಎತ್ತೋಕೆ ಆಗ್ತಿಲ್ಲ ರೀ. ಸೋಪಿನ ಗೆರೆ ನೋಡ್ಕೊಂಡು ಉರಿ ನಾನು ಹಿಡೀತೀನಿ."

ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆ. ಮೊದಲ ಸಲ ಅಣ್ಣ ಕಡ್ಡಿಯನ್ನು ಎಲ್ಲೋ ಇಟ್ಟ. ಅತ್ತಿಗೆ ಅವನ ಮಣಿಕಟ್ಟು ಹಿಡಿದು ಸಂದಿಗೆ ತಂದರು. ಉಜ್ಜಿದ, ಉಜ್ಜಿದ. "ಬಂತು! ಜಾರ್ತಿದೆ!" ಎಂದು ಕೂಗಿದ. ಅತ್ತಿಗೆ ಉರಿ ಪಕ್ಕಕ್ಕೆ ತೆಗೆದರು. ತಣ್ಣಗಾದ ಮೇಲೆ ಅವನು ಆ ಬೆಸುಗೆಯ ಮೇಲೆ ಉಗುರು ಎಳೆದು, ಕೀಳಲು ನೋಡಿ, ಮತ್ತೆ ಉಗುರು ಎಳೆದ.

ಹಾಗೇ ಗಾಡಿ ಎದ್ದು ನಿಂತಿತು. ಅರ ಹಾಕುವುದನ್ನೂ ಬೆರಳಿನ ಅಳತೆಯಲ್ಲೇ ಕಲಿತ. ಒಂದು ಬಾಗಿಲು ಸ್ವಲ್ಪ ಓರೆ, ಒಂದು ಚಕ್ರ ಕುಂಟುತ್ತದೆ. ನಾನು ಹೇಳಿದ್ದಕ್ಕೆ, "ನನ್ನ ಗಾಡೀದೂ ಹಾಗೇ ಇತ್ತು, ನಿನಗೇನು ಗೊತ್ತು," ಎಂದು ನನ್ನ ಬಾಯಿ ಮುಚ್ಚಿಸಿದ.

ಕೊನೆಗೆ ಉಳಿದದ್ದು ಎಡಗಡೆಯ ಕನ್ನಡಿ. ಬೇಕೆಂದೇ ಉಳಿಸಿಕೊಂಡಿದ್ದ. ಉಗುರಿನಷ್ಟು ತಗಡನ್ನು ಎಷ್ಟೋ ದಿನ ಎಣ್ಣೆ ಬಟ್ಟೆಯಿಂದ ತಿಕ್ಕಿದ್ದ. ಈ ಸಲ ಅದನ್ನು ಬೇಡ ಅನ್ನುವವರು ಇರಲಿಲ್ಲ. ಕನ್ನಡಿ ಹೊಳೆಯಲೇಬೇಕಲ್ಲ.

ಕನ್ನಡಿಯ ಮೇಲೆ ಒದ್ದೆ ಬಟ್ಟೆ ಹಾಕಿ, ಅದರ ಸಣ್ಣ ಕಡ್ಡಿಗಾಲನ್ನು ಕ್ಯಾಬಿನ್ನಿಗೆ ಆನಿಸಿದರು.

"ಬ್ರಷ್ ಹಾಕಿದ್ಯಾ?" ಎಂದ ಅಣ್ಣ.

"ಹಾಕ್ದೆ."

"ಇನ್ನೊಂದ್ಸಲ ಹಾಕು. ನನಗೆ ಬೇಜಾರಿಲ್ಲ."

ಅತ್ತಿಗೆ ಇನ್ನೊಂದು ಸಲ ಎಳೆದರು. ಸೋಪಿನ ಗೆರೆ ಕಪ್ಪಾಯಿತು. ಗರಗರ ಎಂದ ಕಡ್ಡಿ ಜಾರಿತು, ಅಣ್ಣನ ಕೈ ನಿಂತಿತು, ಉರಿ ಪಕ್ಕಕ್ಕೆ ಸರಿಯಿತು. ಅಷ್ಟೇ. ಇಷ್ಟು ದಿನ ಕಾದದ್ದಕ್ಕೆ ಏನಾದರೂ ಸದ್ದಾದರೂ ಆಗಬೇಕಿತ್ತು ಎಂದು ನನಗೆ ಅನ್ನಿಸಿತು.

ತಣ್ಣಗಾದ ಮೇಲೆ ಅಣ್ಣ ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ಸವರಿದ. ಬೆರಳು ಮತ್ತೆ ಕನ್ನಡಿಗೆ ಬಂದು ನಿಂತಿತು.

"ಅದರಲ್ಲಿ ಏನಾದ್ರೂ ಕಾಣುತ್ತಾ ನೋಡು. ಕಾಣದೆ ಇದ್ರೆ ಕನ್ನಡಿ ಇದ್ದೂ ದಂಡ."

ಅತ್ತಿಗೆ ಉರಿಯ ಮುಂದೆ ಹಾಕಿಕೊಳ್ಳುವ ಕನ್ನಡಕ ತೆಗೆದಿಟ್ಟು, ಮೇಜಿಗೆ ಎರಡೂ ಕೈ ಊರಿ, ಬಗ್ಗಿ ನೋಡಿದರು.

"ಕಾಣುತ್ತೆ."

"ಏನು?"

"ನನ್ನ ಮುಖ."

"ಹೇಗಿದೆ?"

ಈಗ "ಆಗುತ್ತೆ" ಅನ್ನುತ್ತಾರೆ ಎಂದು ನಾನು ನಗಲು ಸಿದ್ಧಳಾಗಿದ್ದೆ. ಅತ್ತಿಗೆ ಬಗ್ಗಿದವರು ಬಗ್ಗಿಯೇ ಇದ್ದರು.

"ಸುಸ್ತಾಗಿದೆ ರೀ," ಎಂದರು.

ಇಷ್ಟು ವರ್ಷದಲ್ಲಿ ಆ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅಣ್ಣನೂ ಅಷ್ಟೇ ಇರಬೇಕು, ಅವನ ಮುಖದ ನಗು ಹಾಗೇ ಇಳಿದುಹೋಯಿತು. ಗೋಡೆ ಹಿಡಿದು ನಡೆದು ಅಡುಗೆಮನೆ ಬಾಗಿಲ ಹತ್ತಿರದ ಸ್ಟೂಲನ್ನು ಕಾಲಿನಿಂದ ಹುಡುಕಿ, ಕೈಯಿಂದ ಒರೆಸಿದ. "ಬಾ, ಇಲ್ಲಿ ಕೂತ್ಕೋ. ಟೀ ನಾನು ಮಾಡ್ತೀನಿ."

ನಾನು ಎದ್ದು ಓಡಲು ಹೋದೆ. ಅತ್ತಿಗೆ ಬೇಡ ಎಂದು ಕೈ ಅಡ್ಡ ಹಿಡಿದರು. ಸ್ಟೂಲಿನ ಮೇಲೆ ಕೂತು, ಆ ಜಿಡ್ಡಿನ ಗುರುತಿಗೆ ತಲೆ ಆನಿಸಿದರು. ಒಳಗೆ ಅಣ್ಣ ಪಾತ್ರೆ ತಡಕುವ ಸದ್ದು, ನೀರು ಸುರಿಯುವ ಸದ್ದು, ಒಲೆ ಹೊತ್ತಿಕೊಂಡ ಸದ್ದು. ಅವತ್ತು ಅತ್ತಿಗೆ ಕಣ್ಣು ಮುಚ್ಚಲಿಲ್ಲ. ಟೀ ಬರುವವರೆಗೂ ಅವನನ್ನೇ ನೋಡುತ್ತ ಕೂತಿದ್ದರು.